ಬಾಕಿ ಕೇಳಿದ್ದಕ್ಕೆ ಕೆಲಸ ಹೋಯಿತು: ಕುಶಲ ಕಾರ್ಮಿಕರ ವಜಾ ಮತ್ತು ಕಾನೂನಿನ ಬಲಾಬಲ

ಸಂಬಳ ಕೇಳಿದ್ದಕ್ಕಾಗಿ ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ವಜಾ ಪತ್ರ ತೀರಾ ಅಪರೂಪ. ಪತ್ರದಲ್ಲಿ ಇರುವ ಕಾರಣಗಳೇ ಬೇರೆ. ತಡವಾಗಿ ಬಂದಿರಿ, ಮೇಲ್ವಿಚಾರಕರ ಮಾತು ಮೀರಿದಿರಿ, ಕೆಲಸದ ಗುಣಮಟ್ಟ ಕುಸಿದಿದೆ, ಸುರಕ್ಷತಾ ನಿಯಮ ಪಾಲಿಸಲಿಲ್ಲ, ಇಲ್ಲವೇ ಸದ್ಯಕ್ಕೆ ಕೆಲಸ ಕಡಿಮೆಯಾಗಿದೆ. ಆ ಪತ್ರಕ್ಕೆ ಮುಂಚಿನ ಕೆಲವು ವಾರಗಳನ್ನು ಕೆದಕಿ ನೋಡಿದರೆ ಮಾತ್ರ ಓವರ್‌ಟೈಮ್ ಲೆಕ್ಕದ ಮೇಲೆ ನಡೆದ ವಾಗ್ವಾದವೋ, ಕೊಡುತ್ತೇವೆಂದು ಹೇಳಿ ಕೊಡದ ಹೆಚ್ಚಳವೋ, ಕಾರಣ ಹೇಳದೆ ಮುರಿದುಕೊಂಡ ಹಣವೋ ಹೊರಬರುತ್ತದೆ. ವೆಲ್ಡರ್, ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಕ್ಯಾನಿಕ್, ಬಡಗಿ ಹೀಗೆ ಕೈಯಲ್ಲಿರುವ ವಿದ್ಯೆಯನ್ನೇ ನಂಬಿ ಬದುಕುವವರ ವಜಾ ಪ್ರಕರಣಗಳಲ್ಲಿ ಹೋರಾಟವೆಲ್ಲ ನಡೆಯುವುದು ಈ ಎರಡು ಘಟನೆಗಳ ನಡುವೆ ನಂಟಿದೆಯೋ ಇಲ್ಲವೋ ಎಂಬುದರ ಮೇಲೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಪ್ರಕರಣ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಅಲ್ಲಿ ಹಾಜರಿ ದಾಖಲಿಸುವ ಗಡಿಯಾರಗಳನ್ನು ಇಟ್ಟಿದ್ದ ಜಾಗದ ಕಾರಣ, ಕಾರ್ಮಿಕರು ರಕ್ಷಣಾ ಉಡುಪು ತೊಡಲು ಮತ್ತು ಕಳಚಲು ಹಿಡಿಯುವ ಸಮಯಕ್ಕೆ ಕೂಲಿ ಸಿಗುತ್ತಿರಲಿಲ್ಲ. ಒಬ್ಬ ಕಾರ್ಮಿಕ ಇದು ಕಾನೂನುಬಾಹಿರ ಎಂದು ಮೇಲ್ವಿಚಾರಕರಿಗೂ ಸಿಬ್ಬಂದಿ ವಿಭಾಗಕ್ಕೂ ಬಾಯಿಮಾತಿನಲ್ಲಿ ಹೇಳಿದ. 2006ರ ಡಿಸೆಂಬರ್‌ನಲ್ಲಿ ಅವನ ಕೆಲಸ ಹೋಯಿತು. ಕಂಪನಿ ಕೊಟ್ಟ ಕಾರಣ, ಹಲವು ಎಚ್ಚರಿಕೆಗಳ ನಂತರವೂ ಅವನು ಅದೇ ಗಡಿಯಾರದಲ್ಲಿ ಸರಿಯಾಗಿ ಹಾಜರಿ ದಾಖಲಿಸಲಿಲ್ಲ ಎಂಬುದು. ಗಡಿಯಾರಗಳ ವಿಷಯದಲ್ಲಿ ಅವನು ಹೇಳಿದ್ದು ಸರಿ ಎಂದು ಕೆಳಗಿನ ನ್ಯಾಯಾಲಯವೇ ಇನ್ನೊಂದು ಮೊಕದ್ದಮೆಯಲ್ಲಿ ಒಪ್ಪಿತು. ಆದರೆ ವಜಾದ ಮೊಕದ್ದಮೆಯಲ್ಲಿ, ದೂರನ್ನು ಬರವಣಿಗೆಯಲ್ಲಿ ಕೊಟ್ಟಿಲ್ಲವಾದ್ದರಿಂದ ಕಾನೂನಿನ ರಕ್ಷಣೆ ಅವನಿಗಿಲ್ಲ ಎಂದು ಎರಡು ಹಂತದ ನ್ಯಾಯಾಲಯಗಳು ಹೇಳಿಬಿಟ್ಟವು. 2011ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು-ಎರಡರ ಬಹುಮತದಿಂದ ಅದನ್ನು ತಳ್ಳಿಹಾಕಿತು. 1938ರಲ್ಲಿ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ಕುರಿತ ಈ ಕಾನೂನು ಬಂದಾಗ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದುದು ಓದುಬರಹ ಕಡಿಮೆಯಿದ್ದ ದುಡಿಮೆಗಾರರಿಗೆ. ಅವರ ಬಾಯಿಮಾತನ್ನು ಹೊರಗಿಟ್ಟರೆ ಕಾನೂನು ಮಾಡಿದ ಉದ್ದೇಶವೇ ಕೆಡುತ್ತದೆ ಎಂಬುದು ಬಹುಮತದ ವಾದದ ತಿರುಳು. ಜೊತೆಗೆ ಒಂದು ಷರತ್ತನ್ನೂ ಇಟ್ಟಿತು. ಇದು ಬರೀ ಗೊಣಗಾಟವಲ್ಲ, ಕಾನೂನು ಕೊಟ್ಟ ಹಕ್ಕನ್ನು ಕೇಳುತ್ತಿದ್ದಾನೆ ಎಂದು ವಿವೇಕವುಳ್ಳ ಮಾಲೀಕನಿಗೆ ಅರ್ಥವಾಗುವಷ್ಟು ದೂರು ಸ್ಪಷ್ಟವಾಗಿರಬೇಕು.

ಒಂದು ಬಾಯಿಮಾತನ್ನು ದೂರು ಎಂದು ಒಪ್ಪಿಸಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕಾಯಿತು. ಕೆಲಸ ಕಳೆದುಕೊಂಡ ಮನೆ ಅಷ್ಟು ದಿನ ಹೇಗೆ ನಡೆಯಬೇಕು ಎಂಬ ಪ್ರಶ್ನೆಗೆ ಯಾವ ತೀರ್ಪಿನಲ್ಲೂ ಉತ್ತರವಿಲ್ಲ.

ಸೇಡಿನ ವಜಾ ಕೆಲಸ ಹೋದ ಒಬ್ಬನ ಕಷ್ಟವಾಗಿ ಮಾತ್ರ ಉಳಿಯುವುದಿಲ್ಲ. ಕನಿಷ್ಠ ಕೂಲಿ, ಓವರ್‌ಟೈಮ್, ಕಡಿತಕ್ಕೆ ಮಿತಿ ಇವೆಲ್ಲ ಜಾರಿಯಾಗಬೇಕಾದರೆ ಯಾರಾದರೂ ಬಾಯಿ ತೆರೆಯಬೇಕು. ಪ್ರತಿ ವರ್ಕ್‌ಶಾಪಿಗೂ ಒಬ್ಬ ಇನ್‌ಸ್ಪೆಕ್ಟರನ್ನು ಕಾವಲಿಡುವಷ್ಟು ಜನ ಯಾವ ಸರ್ಕಾರದಲ್ಲೂ ಇಲ್ಲ. ಕೇಳಿದವನನ್ನು ಹೊರಗೆ ಹಾಕಬಹುದಾದರೆ ಉಳಿದವರು ಕೇಳುವುದನ್ನು ಬಿಡುತ್ತಾರೆ, ಅಲ್ಲಿಗೆ ಕೂಲಿ ಕಾನೂನು ಹೆಸರಿಗಷ್ಟೇ ಉಳಿಯುತ್ತದೆ. 1960ರಲ್ಲಿ ಒಂದು ಆಭರಣ ತಯಾರಿಕಾ ಕಂಪನಿಯಲ್ಲಿ, ಕಡಿಮೆ ಕೂಲಿ ಕೊಟ್ಟಿದ್ದಾರೆಂದು ಸರ್ಕಾರದ ನೆರವು ಕೋರಿ ಕೆಲಸ ಕಳೆದುಕೊಂಡ ಮೂವರ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದು ಇದೇ ಮಾತನ್ನು ಹೇಳಿತ್ತು. ಸೇಡಿನ ಭಯವಿದ್ದರೆ ಜನ ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರುತ್ತಾರೆ, ಆದ್ದರಿಂದ ಕೆಲಸವಿಲ್ಲದೆ ಕಳೆದ ಅವಧಿಯ ಕೂಲಿಯನ್ನೂ ತುಂಬಿಕೊಡುವಂತೆ ಆದೇಶಿಸುವ ಅಧಿಕಾರ ನ್ಯಾಯಾಲಯಗಳಿಗೆ ಇದೆ ಎಂದಿತು. ಸೇಡು ತೀರಿಸಿಕೊಳ್ಳದಂತೆ ತಡೆಯುವ ನಿಯಮವನ್ನು ಕೂಲಿ ಕಾನೂನಿನ ಬೆನ್ನೆಲುಬು ಎಂದೇ ನಾನು ಎಣಿಸುತ್ತೇನೆ. ಹಲವು ದೇಶಗಳು ಅದನ್ನು ಪರಿಶಿಷ್ಟದಲ್ಲಿನ ಅಡಿಟಿಪ್ಪಣಿಯಷ್ಟೇ ಗೌರವದಿಂದ ನಡೆಸಿಕೊಳ್ಳುತ್ತಿವೆ.

ಕುಶಲ ಕೆಲಸಗಳಲ್ಲಿ ಸಂಬಳದ ಜಗಳ ಹುಟ್ಟುವ ಜಾಗಗಳೇ ವಿಶಿಷ್ಟ. ಒಂದು, ದರ್ಜೆಯದು. ಸಹಾಯಕ ಎಂದು ಸೇರಿಸಿಕೊಂಡು, ಎರಡು ವರ್ಷದಲ್ಲಿ ಪೂರ್ಣ ಕುಶಲನ ಕೆಲಸವನ್ನೆಲ್ಲ ಮಾಡಿಸಿ, ಕೂಲಿಯನ್ನು ಮಾತ್ರ ಸಹಾಯಕನದ್ದೇ ಕೊಡುವುದು ಬಹಳ ಕಡೆ ನಡೆಯುತ್ತದೆ. ಪ್ರಮಾಣಪತ್ರ ಪರೀಕ್ಷೆ ಪಾಸಾದರೆ ದರ ಏರಿಸುತ್ತೇವೆ ಎಂಬ ಮಾತು ಕಾಗದಕ್ಕೆ ಇಳಿಯುವುದು ಕಡಿಮೆ. ಕೆಲಸದ ಅಕ್ಕಪಕ್ಕದ ಸಮಯದ್ದು ಇನ್ನೊಂದು ಜಗಳ: ಉಪಕರಣ ಹೊಂದಿಸುವುದು, ಯಂತ್ರ ಒರೆಸಿಡುವುದು, ಒಂದು ಕೆಲಸದ ಜಾಗದಿಂದ ಮತ್ತೊಂದಕ್ಕೆ ಹೋಗುವುದು. ಮಾಲೀಕರ ಕಣ್ಣಿಗೆ ಇದು ಕೆಲಸವಲ್ಲ, ಮಾಡುವವನಿಗೆ ದಿನದ ಒಂದು ಗಂಟೆ.

ವಾಹನ ದುರಸ್ತಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕ ಮುಂತಾದ ದೇಶಗಳ ಸರ್ವೀಸ್ ಕೇಂದ್ರಗಳಲ್ಲಿ ಪ್ರತಿ ದುರಸ್ತಿಗೂ ಕೈಪಿಡಿಯೊಂದು ಇಷ್ಟು ಗಂಟೆ ಎಂದು ನಿಗದಿ ಮಾಡಿರುತ್ತದೆ. ಮೆಕ್ಯಾನಿಕ್‌ಗೆ ಕೂಲಿ ಸಿಗುವುದು ಆ ಪುಸ್ತಕದ ಗಂಟೆಗೆ, ಗೋಡೆಯ ಗಡಿಯಾರದ ಗಂಟೆಗಲ್ಲ. ಬೋಲ್ಟ್ ಸಲೀಸಾಗಿ ಬಿಚ್ಚಿಕೊಂಡ ದಿನ ಅವನಿಗೆ ಲಾಭ. ತುಕ್ಕು ಹಿಡಿದು ಮುರಿದ ದಿನ ನಷ್ಟ. ದೋಷ ಎಲ್ಲಿದೆ ಎಂದು ಹುಡುಕಲು ತಗಲಿದ ಹೊತ್ತಿಗೆ, ಬಿಡಿಭಾಗ ಬರಲೆಂದು ಕಾದ ಹೊತ್ತಿಗೆ ಅನೇಕ ಕಡೆ ಕಾಸಿಲ್ಲ. ಗ್ಯಾರಂಟಿಯಡಿ ಬಂದ ವಾಹನಕ್ಕೆ ಪುಸ್ತಕದ ಗಂಟೆಯೂ ಕಡಿಮೆ, ದುರಸ್ತಿಯಾಗಿ ಹೋದ ವಾಹನ ಅದೇ ದೋಷಕ್ಕೆ ಮರಳಿ ಬಂದರೆ ಪುಕ್ಕಟೆ. ಕಠಿಣ ದೋಷಗಳನ್ನು ಅತ್ಯಂತ ಅನುಭವಿಯ ಕೈಗೇ ಕೊಡುವುದರಿಂದ ಬಲ್ಲವನೇ ಹೆಚ್ಚು ಕಳೆದುಕೊಳ್ಳುತ್ತಾನೆ. ಅವನು ಒಂದು ದಿನ ಲೆಕ್ಕ ಕೇಳಿದಾಗ, ನಿನ್ನ ವೇಗ ಕಡಿಮೆಯಾಗಿದೆ ಎಂದು ತೋರಿಸಲು ಅದೇ ಪುಸ್ತಕದ ಗಂಟೆಗಳು ಮಾಲೀಕರ ಕೈಯಲ್ಲಿ ಸಿದ್ಧವಾಗಿರುತ್ತವೆ. ವಜಾ ಪತ್ರಕ್ಕೆ ಅಂಕಿಅಂಶ ಒದಗಿಸುವುದು ಹೀಗೆ, ಜಗಳಕ್ಕೆ ಮೂಲವಾದ ಪದ್ಧತಿಯೇ.

ಕುಶಲ ಕೆಲಸಗಾರರು ಸಿಗುವುದೇ ಕಷ್ಟ ಎಂದು ಉದ್ಯಮಿಗಳು ಸದಾ ಹೇಳುತ್ತಿರುವಾಗ, ಇರುವವನನ್ನು ಕೈಯಾರೆ ಕಳೆದುಕೊಳ್ಳುವುದು ಯಾಕೆ? ಒಬ್ಬನ ಬಾಕಿ ದೊಡ್ಡ ಮೊತ್ತವಲ್ಲ. ಆದರೆ ಅವನ ಲೆಕ್ಕ ಸರಿ ಎಂದು ಒಪ್ಪಿದ ಮರುದಿನ ಅದೇ ಲೆಕ್ಕ ಪಕ್ಕದವನಿಗೂ, ಆಚೆಯವನಿಗೂ, ಹಿಂದಿನ ವರ್ಷಗಳಿಗೂ ಅನ್ವಯವಾಗುತ್ತದೆ. ಯಾರಿಗೆ ಎಷ್ಟು ಎಂಬುದು ಗುಟ್ಟಾಗಿರುವ ಕಡೆ ಒಬ್ಬ ಜೋರಾಗಿ ಅಂಕಿ ಹೇಳಿದರೆ ಇಡೀ ಸಂಬಳ ವ್ಯವಸ್ಥೆಯೇ ಅಲುಗುತ್ತದೆ. ಇದರ ಜೊತೆಗೆ, ನಾಲ್ಕು ಜನರ ಎದುರು ಪ್ರಶ್ನೆ ಎದುರಿಸಿದ ಮೇಲ್ವಿಚಾರಕನ ಮುಖಭಂಗ ಬೇರೆ. ಹಣದ ಲೆಕ್ಕದಲ್ಲಿ ಮುಗಿಯಬಹುದಾಗಿದ್ದ ಎಷ್ಟೋ ಜಗಳ ಈ ಅಹಂಕಾರದಲ್ಲಿ ಕೆಟ್ಟಿದೆ.

ಇಲ್ಲೇ ಕುಶಲ ಕಾರ್ಮಿಕನ ಲೆಕ್ಕಾಚಾರವೂ ತಪ್ಪುವುದು. ನಾನಿಲ್ಲದೆ ಈ ಯಂತ್ರ ನಡೆಯುವುದಿಲ್ಲ, ನನ್ನನ್ನು ತೆಗೆಯುವ ಧೈರ್ಯ ಇವರಿಗಿಲ್ಲ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಕೌಶಲ ನಿಜವಾಗಿಯೂ ಬಲವೇ. ಆದರೆ ಅದು ಮಾರುಕಟ್ಟೆಯಲ್ಲಿನ ಬಲ, ಬೇರೆಡೆ ಕೆಲಸ ಹುಡುಕಲು ನೆರವಾಗುವ ಬಲ. ಇರುವ ಕೆಲಸವನ್ನು ಅದು ಕಾಪಾಡುತ್ತದೆ ಎಂಬ ಖಾತರಿಯಿಲ್ಲ. ಆ ನಂಬಿಕೆಯಿಂದಲೇ ಕೆಲವರು ಬಾಕಿ ಕೊಡುವವರೆಗೆ ಕೆಲಸ ಮುಟ್ಟುವುದಿಲ್ಲ ಎಂದು ಒಂಟಿಯಾಗಿ ಕೂರುತ್ತಾರೆ, ಕೋಪದಲ್ಲಿ ನಿಮ್ಮ ಕೆಲಸ ನೀವೇ ಇಟ್ಟುಕೊಳ್ಳಿ ಎಂದು ಹೊರನಡೆಯುತ್ತಾರೆ, ಬಾಕಿಗೆ ಈಡಾಗಿ ಕಂಪನಿಯ ಉಪಕರಣವನ್ನು ಮನೆಗೆ ಒಯ್ಯುತ್ತಾರೆ. ಮೊದಲನೆಯದು ಆದೇಶ ಉಲ್ಲಂಘನೆಯಾಗಿ, ಎರಡನೆಯದು ರಾಜೀನಾಮೆಯಾಗಿ, ಮೂರನೆಯದು ಕಳವಾಗಿ ದಾಖಲಾಗುತ್ತದೆ. ನ್ಯಾಯ ತನ್ನ ಕಡೆ ಇದ್ದವನೇ ಮಾಲೀಕರಿಗೆ ಬೇಕಾಗಿದ್ದ ಕಾರಣವನ್ನು ತಂದುಕೊಟ್ಟಂತಾಗುತ್ತದೆ. ಇಂಥ ಪ್ರಕರಣಗಳನ್ನು ಓದುವಾಗ ನನಗೆ ಅತಿ ಹೆಚ್ಚು ಸಂಕಟವಾಗುವುದು ಈ ಜಾಗದಲ್ಲಿ.

ಕಾನೂನಿನ ದೃಷ್ಟಿಯಲ್ಲಿ ಸಂಬಳದ ಜಗಳಗಳಲ್ಲಿ ಎರಡು ಬಗೆ, ಎರಡರ ನಡುವಿನ ಅಂತರ ದೊಡ್ಡದು. ಮಾಡಿದ ಕೆಲಸಕ್ಕೆ, ಒಪ್ಪಂದದಲ್ಲೋ ಕಾನೂನಿನಲ್ಲೋ ಈಗಾಗಲೇ ಇರುವ ದರದಂತೆ ಬರಬೇಕಾದ ಹಣ ಕೇಳುವುದು ಹಕ್ಕಿನ ಬಾಕಿ. ಮುಂದಿನ ತಿಂಗಳಿನಿಂದ ಹೆಚ್ಚು ಕೊಡಿ ಎನ್ನುವುದು ಬೇಡಿಕೆ. ಬೇಡಿಕೆ ಎಷ್ಟೇ ನ್ಯಾಯವಾಗಿರಲಿ, ಒಬ್ಬನೇ ಹೋಗಿ ಹೆಚ್ಚಳ ಕೇಳಿದವನಿಗೆ ಬಹುತೇಕ ಕಡೆ ವಿಶೇಷ ರಕ್ಷಣೆ ಇಲ್ಲ. ಹಕ್ಕಿನ ಬಾಕಿ ಕೇಳಿದವನಿಗೆ ಹಲವು ಕಡೆ ಇದೆ. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ, ಅಕ್ರಮ ಕಡಿತದಂಥ ಶಾಸನಬದ್ಧ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ಹೇಳಿದ್ದಕ್ಕೆ ವಜಾ ಮಾಡಿದರೆ ಆ ವಜಾ ತಾನಾಗಿಯೇ ಅನ್ಯಾಯದ್ದು. ಉಲ್ಲಂಘನೆ ನಿಜವಾಗಿಯೂ ನಡೆದಿರಬೇಕೆಂದೂ ಇಲ್ಲ; ಪ್ರಾಮಾಣಿಕವಾಗಿ ನಂಬಿ ಕೇಳಿದ್ದರೆ ಸಾಕು. ಜರ್ಮನಿಯ ನಾಗರಿಕ ಸಂಹಿತೆಯ 612ಎ ವಿಧಿ, ನೌಕರ ತನ್ನ ಹಕ್ಕನ್ನು ನ್ಯಾಯಬದ್ಧವಾಗಿ ಚಲಾಯಿಸಿದ್ದಕ್ಕೆ ಅವನಿಗೆ ಕೇಡು ಮಾಡಬಾರದು ಎನ್ನುತ್ತದೆ. ಆದ್ದರಿಂದ ಒಂದೇ ಮಾತಿನಲ್ಲಿ ಬಾಕಿಯನ್ನೂ ಹೆಚ್ಚಳವನ್ನೂ ಬೆರೆಸಿ ಕೇಳುವುದು ಅಪಾಯ. ಬಾಕಿಯನ್ನು ಬಾಕಿಯೆಂದೇ, ದಿನಾಂಕ ಮತ್ತು ಗಂಟೆಗಳ ಸಮೇತ, ಬೇರೆಯಾಗಿ ಕೇಳಬೇಕು.

ಬೇಡಿಕೆಗೆ ರಕ್ಷಣೆ ಸಿಗುವುದು ಜೊತೆಗೂಡಿದಾಗ. ಯಾವಾಗ ಬೇಕಾದರೂ, ಕಾರಣ ಹೇಳದೆಯೂ ನೌಕರನನ್ನು ತೆಗೆಯಬಹುದು ಎಂಬುದೇ ಸಾಮಾನ್ಯ ನಿಯಮವಾಗಿರುವ ಅಮೆರಿಕದಲ್ಲಿ ಕೂಡ, 1935ರ ಕಾರ್ಮಿಕ ಸಂಬಂಧಗಳ ಕಾಯ್ದೆಯು ಇಬ್ಬರು ಅಥವಾ ಹೆಚ್ಚು ಜನ ಸೇರಿ ಕೂಲಿ ಮತ್ತು ಕೆಲಸದ ಸ್ಥಿತಿಗತಿಗಾಗಿ ದನಿಯೆತ್ತುವುದನ್ನು ಕಾಪಾಡುತ್ತದೆ. ಸಂಘ ಇರಲೇಬೇಕೆಂದಿಲ್ಲ. 1959ರ ಜನವರಿಯ ಕೊರೆಯುವ ಒಂದು ದಿನ ಬಾಲ್ಟಿಮೋರ್‌ನ ಅಲ್ಯೂಮಿನಿಯಂ ಕಂಪನಿಯೊಂದರ ಯಂತ್ರಶಾಲೆಯಲ್ಲಿ ಕುಲುಮೆ ಕೆಟ್ಟು, ಚಳಿ ತಡೆಯಲಾರದೆ ಏಳು ಕೆಲಸಗಾರರು ಹೊರನಡೆದರು. ಅವರಿಗೆ ಸಂಘವಿರಲಿಲ್ಲ, ಅನುಮತಿ ಕೇಳಿರಲಿಲ್ಲ, ಅಷ್ಟೂ ಜನರನ್ನು ಕಂಪನಿ ತೆಗೆದುಹಾಕಿತು. 1962ರಲ್ಲಿ ಸುಪ್ರೀಂ ಕೋರ್ಟ್ ಆ ವಜಾ ತಪ್ಪು ಎಂದಿತು. ಅದೇ ದಿನ ಅವರಲ್ಲಿ ಒಬ್ಬನೇ ಎದ್ದು ಮನೆಗೆ ಹೋಗಿದ್ದರೆ ಈ ಕಾನೂನು ಅವನ ಕೈಹಿಡಿಯುತ್ತಿತ್ತು ಎಂದು ಹೇಳುವುದು ಕಷ್ಟ. ಕುಶಲ ಕಾರ್ಮಿಕರು ತಮ್ಮ ದರವನ್ನು ತಾವೇ ಒಬ್ಬೊಬ್ಬರಾಗಿ ಕುದುರಿಸಿಕೊಳ್ಳುವುದನ್ನು ಹೆಮ್ಮೆಯೆಂದು ಭಾವಿಸುತ್ತಾರೆ. ಆ ಹೆಮ್ಮೆ ಒಳ್ಳೆಯ ದಿನಗಳಲ್ಲಿ ಎರಡು ಕಾಸು ಹೆಚ್ಚು ತರಬಹುದು. ಜಗಳದ ದಿನ ಒಬ್ಬಂಟಿಯಾಗಿ ನಿಲ್ಲಿಸುತ್ತದೆ.

ಭಾರತದಲ್ಲೂ ಈ ಒಂಟಿತನದ ಚರಿತ್ರೆಯಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಒಬ್ಬ ಕಾರ್ಮಿಕನ ವಜಾ, ಸಂಘವೋ ಗಣನೀಯ ಸಂಖ್ಯೆಯ ಸಹೋದ್ಯೋಗಿಗಳೋ ಬೆಂಬಲಿಸದ ಹೊರತು ಕೈಗಾರಿಕಾ ವಿವಾದ ಅನ್ನಿಸಿಕೊಳ್ಳುತ್ತಿರಲಿಲ್ಲ. 1965ರಲ್ಲಿ 2ಎ ಸೆಕ್ಷನ್ ಸೇರಿಸಿದ ಮೇಲೆಯೇ ಒಬ್ಬನ ವಜಾಕ್ಕೂ ವಿವಾದದ ಸ್ಥಾನ ಬಂತು. ಸರ್ಕಾರ ಪ್ರಕರಣವನ್ನು ಒಪ್ಪಿಸಲಿ ಎಂದು ಕಾಯದೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದದ್ದು 2010ರಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ದಾರಿಯನ್ನು ಉಳಿಸಿಕೊಂಡಿದೆ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ಕಾರ್ಮಿಕನೇ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಹೀಗೆ ಹೋಗಲು ಮೊದಲು ಮೂರು ವರ್ಷವಿದ್ದ ಗಡುವು ಈಗ ಎರಡು ವರ್ಷ. ಬಾಕಿ ಸಂಬಳದ ದಾರಿ ಬೇರೆಯದು. ವೇತನ ಸಂಹಿತೆಯಡಿ, ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಮಾಡಬೇಕು. ಮಾಡದಿದ್ದರೆ ಮೂರು ವರ್ಷದೊಳಗೆ ನಿಗದಿತ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು, ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅವಕಾಶವಿದೆ. ವಜಾ ಒಂದು ಬಾಗಿಲು, ಬಾಕಿ ಇನ್ನೊಂದು ಬಾಗಿಲು. ಒಂದನ್ನು ತಟ್ಟಿ ಎರಡೂ ತೆರೆಯುತ್ತವೆ ಎಂದು ಕಾಯುತ್ತಾ ಕೂತು ಗಡುವು ಕಳೆದುಕೊಳ್ಳಬಾರದು.

ಇನ್ನೊಂದು ಬಲೆ ಹುದ್ದೆಯ ಹೆಸರಿನದು. ಕುಶಲ, ಅಕುಶಲ, ತಾಂತ್ರಿಕ ಕೆಲಸ ಮಾಡುವವರೆಲ್ಲ ಕಾರ್ಮಿಕರೇ. ಆದರೆ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ ಕಾರ್ಮಿಕರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅನುಭವಿ ಫಿಟ್ಟರ್‌ಗೆ ಸೂಪರ್‌ವೈಸರ್ ಎಂಬ ಬಿರುದು ಕೊಟ್ಟರೆ ಹಣ ಹೆಚ್ಚು ಖರ್ಚಾಗುವುದಿಲ್ಲ, ಜಗಳ ಬಂದ ದಿನ ಆ ಬಿರುದೇ ಅವನ ಅರ್ಜಿಗೆ ಅಡ್ಡ ನಿಲ್ಲುತ್ತದೆ. ನ್ಯಾಯಾಲಯಗಳು ಹೆಸರನ್ನು ಬಿಟ್ಟು ಅವನು ದಿನವಿಡೀ ಮಾಡುತ್ತಿದ್ದ ಮುಖ್ಯ ಕೆಲಸವನ್ನು ನೋಡುತ್ತವೆ ಎಂಬುದು ಸಮಾಧಾನ. ಅದನ್ನು ತೋರಿಸಲು ಜಾಬ್ ಕಾರ್ಡ್, ಶಿಫ್ಟ್ ಪಟ್ಟಿ, ಸ್ಪ್ಯಾನರ್ ಹಿಡಿದು ತಾನೇ ಕೆಲಸ ಮಾಡಿದ್ದರ ಸಾಕ್ಷಿ ಬೇಕು. ಉಳಿದ ದೇಶಗಳಲ್ಲಿ ಇದೇ ಬಲೆ ಸ್ವತಂತ್ರ ಗುತ್ತಿಗೆದಾರ ಎಂಬ ಹೆಸರಿನಲ್ಲಿ ಇದೆ: ಒಬ್ಬರೇ ಮಾಲೀಕರಿಗೆ, ಅವರು ಹೇಳಿದ ಹೊತ್ತಿಗೆ ದುಡಿದರೂ ಕಾಗದದಲ್ಲಿ ನೌಕರನಲ್ಲ, ಆದ್ದರಿಂದ ವಜಾ ಎಂಬ ಪ್ರಶ್ನೆಯೇ ಏಳದು.

ದೂರಿಗೂ ವಜಾಕ್ಕೂ ಇರುವ ನಂಟನ್ನು ಸಾಬೀತುಪಡಿಸುವ ಹೊರೆ ಯಾರದು ಎಂಬುದರ ಮೇಲೆ ಎಷ್ಟೋ ಪ್ರಕರಣಗಳ ಹಣೆಬರಹ ನಿಂತಿದೆ. ಆಸ್ಟ್ರೇಲಿಯಾದ 2009ರ ಕಾಯ್ದೆ ಈ ವಿಷಯದಲ್ಲಿ ದಿಟ್ಟವಾಗಿದೆ. ಕೆಲಸಕ್ಕೆ ಸಂಬಂಧಿಸಿದ ದೂರು ಕೊಟ್ಟದ್ದಕ್ಕೇ ತೆಗೆದರು ಎಂದು ನೌಕರ ಆರೋಪಿಸಿದರೆ, ಕಾರಣ ಅದಲ್ಲ ಎಂದು ತೋರಿಸಬೇಕಾದವರು ಮಾಲೀಕರು. ಇದೇ ಸರಿಯಾದ ಕ್ರಮ. ಯಾಕೆ ತೆಗೆದೆವು ಎಂಬುದು ಗೊತ್ತಿರುವುದು ತೆಗೆದವರಿಗೆ. ಅವರ ಮನಸ್ಸಿನೊಳಗಿನ ಕಾರಣವನ್ನು ಹೊರಗಿನವನು ಸಾಬೀತುಪಡಿಸಬೇಕು ಎನ್ನುವುದು ಮೊದಲೇ ಸೋತ ಆಟ. ಅದೇ ಆಸ್ಟ್ರೇಲಿಯಾದಲ್ಲಿ ಅರ್ಜಿಗೆ ಇರುವುದು 21 ದಿನ ಮಾತ್ರ, ಜರ್ಮನಿಯಲ್ಲಿ ವಜಾ ಪ್ರಶ್ನಿಸಲು ಮೂರು ವಾರ. ಕೆಲಸ ಹೋದ ಆಘಾತದಲ್ಲಿ ಮೂರು ವಾರ ಹೇಗೆ ಕಳೆಯುತ್ತದೆಂದು ತಿಳಿಯುವುದಿಲ್ಲ.

ಹೊರೆ ಯಾರ ಮೇಲಿದ್ದರೂ ನ್ಯಾಯಾಧೀಶರು ಹುಡುಕುವ ಸುಳಿವುಗಳು ಹೆಚ್ಚುಕಡಿಮೆ ಒಂದೇ. ದೂರಿಗೂ ವಜಾಕ್ಕೂ ನಡುವೆ ಎಷ್ಟು ದಿನ? ದೂರಿಗೆ ಮುಂಚೆ ಒಂದೂ ನೋಟಿಸ್ ಇಲ್ಲದವನ ಕಡತದಲ್ಲಿ ನಂತರದ ತಿಂಗಳಿನಲ್ಲಿ ನೋಟಿಸ್‌ಗಳ ಸುರಿಮಳೆಯೇ? ಅದೇ ತಪ್ಪು ಮಾಡಿದ ಬೇರೆಯವರಿಗೆ ಏನು ಶಿಕ್ಷೆಯಾಯಿತು? ಕಾರಣ ಬದಲಾಗುತ್ತಾ ಹೋಯಿತೇ? ಮೊದಲು ಕೆಲಸವಿಲ್ಲ ಎಂದು, ಆಮೇಲೆ ಗುಣಮಟ್ಟವಿಲ್ಲ ಎಂದು, ನ್ಯಾಯಾಲಯದಲ್ಲಿ ಅಶಿಸ್ತು ಎಂದು ಹೇಳುವ ಮಾಲೀಕರು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳುತ್ತಾರೆ. ಕೆಲಸ ಇಲ್ಲವೆಂದು ತೆಗೆದ ವಾರವೇ ಅದೇ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಜಾಹೀರಾತು ಬಂದರೆ ಅದನ್ನು ಕತ್ತರಿಸಿಟ್ಟುಕೊಳ್ಳಬೇಕು. ಜಗಳ ಶುರುವಾದ ದಿನದಿಂದಲೇ ತಾನು ದುಡಿದ ಗಂಟೆಗಳನ್ನು ದಿನವೂ ಸ್ವಂತ ಪುಸ್ತಕದಲ್ಲಿ ಬರೆಯುವುದು, ಬಾಯಲ್ಲಿ ಹೇಳಿದ್ದನ್ನು ಅದೇ ಸಂಜೆ ವಿನಯದ ಒಂದು ಸಂದೇಶವಾಗಿ ಕಳಿಸುವುದು, ಸಂಬಳದ ಚೀಟಿಗಳ ಪ್ರತಿಯನ್ನು ಮನೆಯಲ್ಲಿ ಇಡುವುದು ವಕೀಲರ ಶುಲ್ಕಕ್ಕಿಂತ ಹೆಚ್ಚು ಬೆಲೆಯ ಕೆಲಸಗಳು. ಕಂಪನಿಯ ಖಾತೆ ಮುಚ್ಚಿದ ಮೇಲೆ ಕಂಪನಿಯ ಇಮೇಲ್‌ನಲ್ಲಿದ್ದ ಪುರಾವೆ ಸಿಗುವುದಿಲ್ಲ.

ನೇರವಾಗಿ ತೆಗೆಯದೆ ಹೊರದಬ್ಬುವ ದಾರಿಯೂ ಇದೆ. ಓವರ್‌ಟೈಮ್ ನಿಲ್ಲಿಸಿ, ದೂರದ ಸೈಟಿಗೆ ಹಾಕಿ, ನುರಿತ ವೆಲ್ಡರ್‌ನನ್ನು ಸಾಮಾನು ಹೊರಲು ಹಚ್ಚಿ, ಅವನೇ ಬಿಟ್ಟುಹೋಗುವಂತೆ ಮಾಡುವುದು. ಸಹಿಸಲಾಗದ ಸ್ಥಿತಿಗೆ ನೂಕಿ ಬರೆಸಿಕೊಂಡ ರಾಜೀನಾಮೆಯನ್ನು ವಜಾ ಎಂದೇ ಕಾಣುವ ಕಾನೂನು ಹಲವು ದೇಶಗಳಲ್ಲಿದೆ. ಸಾಬೀತುಪಡಿಸುವುದು ಮಾತ್ರ ಇನ್ನಷ್ಟು ಕಷ್ಟ. ರಾಜೀನಾಮೆ ಕೊಡಲೇಬೇಕಾಗಿ ಬಂದರೆ ವೈಯಕ್ತಿಕ ಕಾರಣ ಎಂದು ಬರೆಯದೆ ನಿಜವಾದ ಕಾರಣವನ್ನೇ ಬರೆಯಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಪ್ಪಂದ ಇದನ್ನೆಲ್ಲ ಅಚ್ಚುಕಟ್ಟಾಗಿ ಹೇಳಿದೆ. ಮಾಲೀಕರ ವಿರುದ್ಧ ಕಾನೂನು ಉಲ್ಲಂಘನೆಯ ದೂರು ಕೊಟ್ಟದ್ದು ವಜಾಕ್ಕೆ ನ್ಯಾಯಯುತ ಕಾರಣವಾಗದು. ಆರೋಪಕ್ಕೆ ಉತ್ತರಿಸಲು ಅವಕಾಶ ಕೊಡಬೇಕು. ಕಾರಣ ಸಾಬೀತುಪಡಿಸುವ ಇಡೀ ಹೊರೆಯನ್ನು ಕಾರ್ಮಿಕನ ಮೇಲೆಯೇ ಹೊರಿಸಬಾರದು. ಭಾರತ, ಅಮೆರಿಕ, ಬ್ರಿಟನ್ ಮೂರೂ ಇದನ್ನು ಅನುಮೋದಿಸಿಲ್ಲ.

ವಜಾ ಆದವನು ಗೆದ್ದರೂ ಬಹಳ ಸಲ ಅದೇ ವರ್ಕ್‌ಶಾಪಿಗೆ ಮರಳುವುದಿಲ್ಲ. ಭಾರತದ ಸುಪ್ರೀಂ ಕೋರ್ಟ್ 2013ರಲ್ಲಿ, ಅಕ್ರಮ ವಜಾ ಎಂದು ಸಾಬೀತಾದರೆ ಹಿಂಬಾಕಿ ವೇತನದೊಂದಿಗೆ ಮರುನೇಮಕವೇ ಸಾಮಾನ್ಯ ನಿಯಮ ಎಂದು ಹೇಳಿತು. ಈ ನಡುವೆ ತನಗೆ ಸಮಾನ ಸಂಬಳದ ಕೆಲಸವಿರಲಿಲ್ಲ ಎಂದು ಕಾರ್ಮಿಕ ಹೇಳಿಕೆ ಕೊಡಬೇಕು. ಇತ್ತು ಎನ್ನುವುದಾದರೆ ಮಾಲೀಕರು ತೋರಿಸಬೇಕು. ಆದ್ದರಿಂದ ಕೆಲಸ ಹುಡುಕಿದ ದಾಖಲೆಗೂ ಬೆಲೆಯಿದೆ. ಆದರೆ ಮೊಕದ್ದಮೆ ಮುಗಿಯುವ ಹೊತ್ತಿಗೆ ಹೆಚ್ಚಿನವರು ಬೇರೆಡೆ ಸೇರಿರುತ್ತಾರೆ, ಅಥವಾ ಸೇರಲು ಪಾಡು ಪಡುತ್ತಿರುತ್ತಾರೆ. ಕುಶಲ ಕೆಲಸಗಳ ಪ್ರಪಂಚ ಚಿಕ್ಕದು, ಗುತ್ತಿಗೆದಾರರು ಒಬ್ಬರನ್ನೊಬ್ಬರು ಬಲ್ಲರು. ಬ್ರಿಟನ್ನಿನಲ್ಲಿ 2009ರಲ್ಲಿ ಮಾಹಿತಿ ಆಯುಕ್ತರ ಕಚೇರಿ ಕನ್ಸಲ್ಟಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆಸಿದಾಗ ಮೂರು ಸಾವಿರಕ್ಕೂ ಹೆಚ್ಚು ಕಟ್ಟಡ ಕಾರ್ಮಿಕರ ಹೆಸರಿನ ರಹಸ್ಯ ಪಟ್ಟಿ ಸಿಕ್ಕಿತು. ಎಲೆಕ್ಟ್ರಿಷಿಯನ್‌ರಂಥ ನುರಿತವರೂ ಅದರಲ್ಲಿದ್ದರು. ಸಂಘದ ಕೆಲಸ ಮಾಡಿದ್ದು, ಸುರಕ್ಷತೆಯ ಬಗ್ಗೆ ದನಿಯೆತ್ತಿದ್ದು ಅವರ ಹೆಸರಿನ ಮುಂದೆ ದಾಖಲಾಗಿತ್ತು. ದೊಡ್ಡ ನಿರ್ಮಾಣ ಕಂಪನಿಗಳು ಆ ಪಟ್ಟಿ ನೋಡಿ ಕೆಲಸ ನಿರಾಕರಿಸುತ್ತಿದ್ದವು. 2016ರಲ್ಲಿ ಕಂಪನಿಗಳು ಕ್ಷಮೆ ಕೇಳಿ ಪರಿಹಾರ ಕೊಟ್ಟವು. ತಮಗೆ ಯಾಕೆ ಕೆಲಸ ಸಿಗುತ್ತಿಲ್ಲ ಎಂದು ತಿಳಿಯದೆ ಕೆಲವರು ವರ್ಷಗಟ್ಟಲೆ ಅಲೆದಿದ್ದರು.

ಹೀಗಾಗಿ ರಾಜಿಗೆ ಕೂತಾಗ ಹಣದ ಮೊತ್ತವನ್ನೊಂದೇ ನೋಡಿದರೆ ಸಾಲದು. ಅನುಭವ ಪತ್ರದಲ್ಲಿ ನಿಜವಾಗಿ ಮಾಡಿದ ಕೆಲಸ ಮತ್ತು ದರ್ಜೆ ಬರೆದಿರಬೇಕು, ವಜಾದ ಆರೋಪವನ್ನು ಹಿಂದಕ್ಕೆ ಪಡೆದಿರಬೇಕು, ಹೊಸ ಮಾಲೀಕರು ವಿಚಾರಿಸಿದರೆ ಏನು ಹೇಳಬೇಕೆಂಬುದು ಲಿಖಿತವಾಗಿ ಒಪ್ಪಿತವಾಗಿರಬೇಕು, ಕಂಪನಿ ಕೊಡಿಸಿದ ತರಬೇತಿಯ ಪ್ರಮಾಣಪತ್ರಗಳ ಮೂಲಪ್ರತಿ ಕೈಸೇರಬೇಕು. ಎಲ್ಲ ಲೆಕ್ಕ ಚುಕ್ತಾ ಎಂಬ ಕಾಗದವನ್ನು ಕೊನೆಯ ದಿನ ಗೇಟಿನ ಬಳಿ ನಿಲ್ಲಿಸಿ ಮುಂದೆ ಚಾಚಿದರೆ ಆ ಕ್ಷಣದಲ್ಲೇ ಸಹಿ ಹಾಕಬಾರದು. ಹಾಕಲೇಬೇಕಾದರೆ ಸ್ವೀಕರಿಸಿದ ಮೊತ್ತ, ಉಳಿದ ಬಾಕಿ, ತನ್ನ ಆಕ್ಷೇಪ ಮೂರನ್ನೂ ಸಹಿಯ ಮೇಲೆ ಬರೆದು, ಅದರ ಪ್ರತಿಯೊಂದನ್ನು ತೆಗೆದುಕೊಂಡೇ ಹೊರಡಬೇಕು.